ಹಲವು ರಾಜ್ಯಗಳ ಲಾರಿಗೆ ಒಂದೇ ಫಲಕ

ಅಮೆರಿಕದ ಷಿಕಾಗೊ ನಗರದಲ್ಲಿ ಯಂತ್ರದ ಬಿಡಿಭಾಗಗಳನ್ನು ಹೇರಿಕೊಂಡು ಹೊರಟ ಲಾರಿಯು ಪೂರ್ವಾಭಿಮುಖವಾಗಿ ಸಾಗಿ ಅದೇ ದಿನ ಕ್ಲೀವ್‌ಲ್ಯಾಂಡ್ ನಗರವನ್ನು ಮುಟ್ಟಬಲ್ಲುದು. ಅಷ್ಟರಲ್ಲಿ ಅದು ಇಲಿನಾಯ್, ಇಂಡಿಯಾನಾ, ಒಹಾಯೊ ಎಂಬ ಮೂರು ರಾಜ್ಯಗಳ ನೆಲದ ಮೇಲೆ ಓಡಿರುತ್ತದೆ. ಈ ಮೂರಕ್ಕೂ ಬೇರೆ ಬೇರೆ ಶಾಸನಸಭೆ, ಬೇರೆ ಬೇರೆ ಬೊಕ್ಕಸ. ವಾಹನಗಳನ್ನು ನೋಂದಾಯಿಸಿ ವಾರ್ಷಿಕ ಶುಲ್ಕವನ್ನು ಪಡೆಯುವ ಅಧಿಕಾರವೂ ಆಯಾ ರಾಜ್ಯದ್ದೇ. ಹಾಗಾದರೆ ಈ ಲಾರಿ ಯಾವ ರಾಜ್ಯಕ್ಕೆ ಸೇರಿದುದು? ಅದರ ಶುಲ್ಕ ಯಾರಿಗೆ ಸಲ್ಲಬೇಕು? ಈ ತೊಡಕನ್ನು ಬಿಡಿಸಲು ಕೊನೆಗೆ ಉಪಯೋಗಕ್ಕೆ ಬಂದುದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲ ತ್ರೈರಾಶಿ.

ಮೊದಲು, ಲಾರಿಗಳಿಂದ ಹೆಚ್ಚಿನ ಶುಲ್ಕವನ್ನು ಕೇಳುವುದು ಏಕೆಂಬುದನ್ನು ನೋಡೋಣ. ೧೯೫೮ರಿಂದ ೧೯೬೦ರವರೆಗೆ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬ ಊರಿನ ಬಳಿ ಎಂಜಿನಿಯರುಗಳು ಪರೀಕ್ಷೆಗೆಂದೇ ರಸ್ತೆಗಳನ್ನು ನಿರ್ಮಿಸಿ, ಅವುಗಳ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಮತ್ತೆ ಮತ್ತೆ ಓಡಿಸಿದರು. ರಸ್ತೆಗೆ ಒದಗುವ ಸವೆತವು ಅಚ್ಚಿನ ಮೇಲಣ ಭಾರದ ನಾಲ್ಕನೆಯ ಘಾತಕ್ಕೆ ಹೆಚ್ಚುಕಡಿಮೆ ಅನುಗುಣವಾಗಿರುತ್ತದೆಂಬುದು ಆ ಪ್ರಯೋಗದಿಂದ ದೊರೆತ ಪ್ರಸಿದ್ಧ ನಿಯಮ. ಅಚ್ಚಿನ ಭಾರ ಇಮ್ಮಡಿಯಾದರೆ ಸವೆತ ಸುಮಾರು ಹದಿನಾರು ಮಡಿಯಾಗುತ್ತದೆ. ಭಾರ ಹೆಚ್ಚಿದಂತೆಲ್ಲ ನೋಂದಣಿ ಶುಲ್ಕ ಏರುವುದಕ್ಕೆ ಇದು ಒಂದು ಮುಖ್ಯ ಸಮರ್ಥನೆ.

ನ್ಯೂಯಾರ್ಕ್ ರಾಜ್ಯವು ೧೯೦೧ರಲ್ಲಿ ಮೋಟಾರು ವಾಹನಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ಉಳಿದ ರಾಜ್ಯಗಳು ಅದನ್ನು ಅನುಸರಿಸಿದವು. ವಾಹನಗಳು ತಮ್ಮ ಊರಿನ ಸುತ್ತಮುತ್ತಲೇ ಓಡಾಡುತ್ತಿದ್ದ ಕಾಲದಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಸರಕಿನ ಲಾರಿಗಳು ದೂರದೂರ ಓಡತೊಡಗಿದ ಮೇಲೆ ಇಕ್ಕಟ್ಟು ತಲೆದೋರಿತು. "ನಿನ್ನ ಲಾರಿಗೆ ನನ್ನಲ್ಲಿ ಶುಲ್ಕವಿಲ್ಲ, ನನ್ನ ಲಾರಿಗೆ ನಿನ್ನಲ್ಲಿ ಬೇಡ" ಎಂದು ನೆರೆಯ ರಾಜ್ಯಗಳು ಒಪ್ಪಂದ ಮಾಡಿಕೊಂಡರೆ, ಮಾಲೀಕರು ಶುಲ್ಕ ಕಡಿಮೆಯಿರುವ ಕಡೆ ನೋಂದಾಯಿಸಿ ಬೇರೆಯವರ ರಸ್ತೆಯನ್ನು ಸವೆಸುವ ಸಂಭವವಿತ್ತು. ಒಪ್ಪಂದವಿಲ್ಲದೆ ಪ್ರತಿಯೊಂದು ರಾಜ್ಯವೂ ಪೂರ್ಣ ಶುಲ್ಕವನ್ನೇ ಕೇಳಿದರೆ, ಒಂದೇ ಲಾರಿ ಹಲವು ಫಲಕಗಳನ್ನು ಹೊತ್ತು ಹಲವು ಪಟ್ಟು ತೆರಬೇಕಾಗುತ್ತಿತ್ತು. ಒಂದೆರಡು ಲಾರಿಗಳಿಂದ ಜೀವನ ಸಾಗಿಸುವ ಸಣ್ಣ ಮಾಲೀಕನಿಗೆ ಇದು ದುಸ್ಸಾಧ್ಯವಾದ ಹೊರೆ.

ಇದಕ್ಕೆ ಪರಿಹಾರವಾಗಿ ೧೯೭೦ರ ದಶಕದಲ್ಲಿ ಕಾರ್ಯರೂಪಕ್ಕೆ ಬಂದುದೇ ಅಂತರರಾಷ್ಟ್ರೀಯ ನೋಂದಣಿ ಯೋಜನೆ. ಇದಕ್ಕೆ ಸೇರದ ರಾಜ್ಯವು ಸೇರಿದ ರಾಜ್ಯಗಳ ಲಾರಿಗಳನ್ನು ನೋಂದಣಿಯ ಕಾರಣದಿಂದ ತಡೆಯಲಾಗದಂತೆ ಅಮೆರಿಕದ ಕೇಂದ್ರ ಶಾಸನಸಭೆಯು ೧೯೯೧ರಲ್ಲಿ ಕಾನೂನು ಮಾಡಿ, ೧೯೯೬ರ ಸೆಪ್ಟೆಂಬರ್ ೩೦ನ್ನು ಗಡುವಾಗಿ ಗೊತ್ತುಪಡಿಸಿತು. ಈಗ ಅಲಾಸ್ಕ, ಹವಾಯಿಗಳನ್ನು ಬಿಟ್ಟು ಉಳಿದ ೪೮ ರಾಜ್ಯಗಳೂ ರಾಜಧಾನಿಯಾದ ವಾಷಿಂಗ್ಟನ್ನಿನ ಕೊಲಂಬಿಯಾ ಜಿಲ್ಲೆಯೂ ಕೆನಡಾದ ೧೦ ಪ್ರಾಂತಗಳೂ ಇದರ ಸದಸ್ಯರು. ಒಂದಕ್ಕಿಂತ ಹೆಚ್ಚು ಸದಸ್ಯ ರಾಜ್ಯಗಳಲ್ಲಿ ಓಡುವ, ಒಟ್ಟು ಭಾರ ೨೬,೦೦೦ ಪೌಂಡುಗಳನ್ನು, ಎಂದರೆ ಸುಮಾರು ೧೧,೮೦೦ ಕಿಲೋಗ್ರಾಂಗಳನ್ನು, ಮೀರಿದ ಲಾರಿಗಳಿಗೆ ಇದು ಅನ್ವಯಿಸುತ್ತದೆ. ಮೂರು ಅಥವಾ ಹೆಚ್ಚು ಅಚ್ಚುಗಳ ಲಾರಿಯಾದರೆ ಭಾರವೆಷ್ಟಿದ್ದರೂ ಸರಿ.

ಯೋಜನೆಯ ತಿರುಳನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ನಮ್ಮ ಲಾರಿ ಒಂದು ವರ್ಷದಲ್ಲಿ ಇಲಿನಾಯಿಯಲ್ಲಿ ೪೦,೦೦೦, ಇಂಡಿಯಾನಾದಲ್ಲಿ ೨೪,೦೦೦, ಒಹಾಯೊದಲ್ಲಿ ೧೬,೦೦೦, ಒಟ್ಟು ೮೦,೦೦೦ ಮೈಲಿ ಓಡಿತೆನ್ನೋಣ. ಅಲ್ಲಿಗೆ ಮೂರು ರಾಜ್ಯಗಳ ಪಾಲು ಕ್ರಮವಾಗಿ ನೂರಕ್ಕೆ ೫೦, ೩೦, ೨೦. ಲೆಕ್ಕದ ಸೌಕರ್ಯಕ್ಕಾಗಿ ಅವುಗಳ ಪೂರ್ಣ ಶುಲ್ಕ ೨,೦೦೦, ೧,೫೦೦, ೧,೦೦೦ ಡಾಲರುಗಳೆಂದು ಭಾವಿಸೋಣ. ಆಗ ಮಾಲೀಕನು ತೆರಬೇಕಾದುದು ೧,೦೦೦ + ೪೫೦ + ೨೦೦, ಎಂದರೆ ೧,೬೫೦ ಡಾಲರು. ಮೂರು ಕಡೆಯೂ ಪೂರ್ಣವಾಗಿ ತೆತ್ತಿದ್ದರೆ ೪,೫೦೦ ಆಗುತ್ತಿತ್ತು.

ಗಣಿತದಲ್ಲಿ ಇಂಥ ಮೊತ್ತಕ್ಕೆ ಭಾರಿತ ಸರಾಸರಿ ಎಂದು ಹೆಸರು. ಪಾಲುಗಳೆಲ್ಲ ಕೂಡಿ ಒಂದೇ ಆಗುವುದರಿಂದ, ಸರಾಸರಿಯು ಅತ್ಯಧಿಕ ಶುಲ್ಕವನ್ನು ಮೀರಲಾರದು, ಅತ್ಯಲ್ಪ ಶುಲ್ಕಕ್ಕಿಂತ ಕೆಳಗಿಳಿಯಲಾರದು. ಎಲ್ಲ ರಾಜ್ಯಗಳ ಶುಲ್ಕವೂ ಸಮನಾಗಿದ್ದರೆ, ಲಾರಿ ಎರಡು ರಾಜ್ಯಗಳಲ್ಲಿ ಓಡಲಿ, ಇಪ್ಪತ್ತರಲ್ಲಿ ಓಡಲಿ, ತೆರುವುದು ಒಂದೇ ಶುಲ್ಕ. ಗಡಿ ದಾಟಿದ ತಪ್ಪಿಗೆ ದಂಡವಿಲ್ಲ. ಯಾವ ರಾಜ್ಯವೂ ತನ್ನ ಶುಲ್ಕವನ್ನು ನಿಗದಿಮಾಡುವ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ.

ಆಚರಣೆಯಲ್ಲಿ ಮಾಲೀಕನು ತನ್ನ ನೆಲೆಯಾದ ರಾಜ್ಯದ ಕಚೇರಿಯೊಂದರಲ್ಲೇ ಅರ್ಜಿ ಹಾಕಿ ಹಣ ಕಟ್ಟುತ್ತಾನೆ. ಆ ಕಚೇರಿಯು ಉಳಿದವರ ಪಾಲನ್ನು ಅವರಿಗೆ ತಲಪಿಸುತ್ತದೆ. ಲಾರಿಗೆ ಒಂದು ಫಲಕ, ಚಾಲಕನ ಬಳಿ ಒಂದು ನೋಂದಣಿ ಪತ್ರ. ದೂರದ ಲೆಕ್ಕಕ್ಕೆ ಹಿಂದಿನ ವರ್ಷದ ಜುಲೈ ೧ರಿಂದ ಜೂನ್ ೩೦ರವರೆಗಿನ ಓಟವನ್ನು ಹಿಡಿಯುವುದು ರೂಢಿ. ಮೊದಲು, ಹೊಸದಾಗಿ ಹೋಗಬೇಕಾದ ರಾಜ್ಯಗಳನ್ನು ಮುಂಚಿತವಾಗಿ ಹೆಸರಿಸಿ ದೂರವನ್ನು ಅಂದಾಜು ಮಾಡಬೇಕಾಗಿದ್ದಿತು. ಇದರಿಂದ ಪಾಲುಗಳ ಮೊತ್ತ ನೂರನ್ನು ಮೀರುವುದೂ ಉಂಟಾಗಿತ್ತು. ೨೦೧೫ರ ಜನವರಿ ೧ರಿಂದ ನೋಂದಣಿ ಪತ್ರದಲ್ಲಿ ಎಲ್ಲ ಸದಸ್ಯ ರಾಜ್ಯಗಳ ಹೆಸರೂ ತಾನಾಗಿಯೇ ಬರುವಂತೆ ತಿದ್ದುಪಡಿಯಾಯಿತು.

ಈ ಏರ್ಪಾಡಿನ ಅಡಿಗಲ್ಲು ಮೈಲಿಗಳ ಸತ್ಯವಾದ ದಾಖಲೆ. ಶುಲ್ಕ ಹೆಚ್ಚಿರುವ ರಾಜ್ಯದ ಮೈಲಿಗಳನ್ನು ಶುಲ್ಕ ಕಡಿಮೆಯಿರುವ ರಾಜ್ಯಕ್ಕೆ ಬರೆದರೆ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಆದುದರಿಂದ ಕಚೇರಿಗಳು ಕೆಲವು ಮಾಲೀಕರ ದಾಖಲೆಗಳನ್ನು ತನಿಖೆಗಾಗಿ ಆರಿಸಿಕೊಂಡು, ಮೈಲಿಮಾಪಕದ ಅಂಕಿಗಳನ್ನೂ ಉಪಗ್ರಹಗಳ ನೆರವಿನಿಂದ ದೊರೆತ ಮಾರ್ಗದ ವಿವರಗಳನ್ನೂ ತಾಳೆನೋಡುತ್ತವೆ. ದಾಖಲೆ ಸಾಲದೆಂದು ಕಂಡರೆ, ತೆತ್ತ ಶುಲ್ಕದ ಮೇಲೆ ನೂರಕ್ಕೆ ೨೦ರಷ್ಟನ್ನು ಹೆಚ್ಚಾಗಿ ವಿಧಿಸಲು ಅವಕಾಶವಿದೆ.

ಈ ಲೆಕ್ಕಕ್ಕೂ ಮಿತಿಯುಂಟು. ಖಾಲಿ ಲಾರಿಯ ಮೈಲಿಯೂ ಸರಕು ತುಂಬಿದ ಲಾರಿಯ ಮೈಲಿಯೂ ಇದರಲ್ಲಿ ಒಂದೇ ಬೆಲೆಯವು. ರಸ್ತೆಗೆ ಮಾತ್ರ ಅವು ಒಂದೇ ಅಲ್ಲವೆಂಬುದನ್ನು ನಾಲ್ಕನೆಯ ಘಾತದ ನಿಯಮವೇ ಹೇಳುತ್ತದೆ.

ನಮ್ಮ ದೇಶದಲ್ಲಿಯೂ ವಾಹನ ತೆರಿಗೆಯು ಸಂವಿಧಾನದ ಪ್ರಕಾರ ರಾಜ್ಯಗಳಿಗೆ ಸೇರಿದ ವಿಷಯ. ಬೆಂಗಳೂರಿನಿಂದ ಹೈದರಾಬಾದು, ನಾಗಪುರಗಳ ಮಾರ್ಗವಾಗಿ ದೆಹಲಿಗೆ ಹೋಗುವ ಲಾರಿಯದೂ ಷಿಕಾಗೊ ಲಾರಿಯ ಸಮಸ್ಯೆಯೇ. ಇದಕ್ಕಾಗಿ ೧೯೭೫ರಲ್ಲಿ ರಾಷ್ಟ್ರೀಯ ರಹದಾರಿಯ ಪದ್ಧತಿ ಬಂದಿತು. ೨೦೧೦ರಲ್ಲಿ ರಾಜ್ಯ ರಾಜ್ಯಕ್ಕೂ ಬೇರೆಯಾಗಿ ಕಟ್ಟುವುದು ತಪ್ಪಿ, ವರ್ಷಕ್ಕೆ ೧೫,೦೦೦ ರೂಪಾಯಿಗಳ ಏಕೀಕೃತ ಶುಲ್ಕ ಗೊತ್ತಾಯಿತು. ಇಲ್ಲಿ ಲಾರಿ ಓಡಿದ ದೂರವನ್ನು ಎಣಿಸುವ ಗೋಜಿಲ್ಲ. ಮೈಲಿಗಳ ಪುಸ್ತಕವೂ ಬೇಕಿಲ್ಲ. ಆದರೆ ವರ್ಷವಿಡೀ ಓಡಿದ ಲಾರಿಯೂ ಬಾಡಿಗೆ ಸಿಗದೆ ತಿಂಗಳುಗಟ್ಟಲೆ ನಿಂತ ಲಾರಿಯೂ ಸಮನಾಗಿಯೇ ತೆರುತ್ತವೆ. ಸರಳತೆ, ನಿಖರವಾದ ನ್ಯಾಯ ಇವೆರಡರಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ತ್ರೈರಾಶಿ ಹೇಳಲಾರದು. ಅದನ್ನು ಆಯಾ ದೇಶದ ಜನರೇ ಆಲೋಚಿಸಿ ನಿರ್ಧರಿಸಬೇಕು.