ಬೂದಿ ಹಾಲಾಗುವ ಬಯಲು

13 ಲಕ್ಷ ವೈಲ್ಡ್‌ಬೀಸ್ಟ್! ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್. ತಾಂಜಾನಿಯಾದ ಸೆರೆಂಗೆಟಿಯಿಂದ ಕೀನ್ಯಾದ ಮಸಾಯ್ ಮಾರಾವರೆಗೆ ವರ್ಷವಿಡೀ ಸುತ್ತುವ ಈ ಮಹಾಮಂದೆ ಒಂದೆಡೆ ಯಾಕೆ ನಿಲ್ಲುವುದಿಲ್ಲ? ಮೇವು, ನೀರಿಗಾಗಿ ಅಲೆಯುತ್ತವೆ ಅಂದುಬಿಡುತ್ತೇವೆ. ಆದರೆ ಉತ್ತರದಲ್ಲಿ ಮಳೆ ಹೆಚ್ಚು, ಹುಲ್ಲು ಎತ್ತರ, ಬೇಸಿಗೆಗೂ ಬತ್ತದ ಮಾರಾ ನದಿ ಬೇರೆ. ದಕ್ಷಿಣದ ಬಯಲಲ್ಲಿ ಹುಲ್ಲು ಗಿಡ್ಡ, ಮಳೆ ನಿಂತರೆ ಕುಡಿಯಲು ನೀರೂ ಸಿಗದು. ಹಾಗಿದ್ದೂ ವರ್ಷದ ಕೊನೆಗೆ ಅಲ್ಲಿ ಮಳೆ ಬಿತ್ತೋ, ಗಬ್ಬದ ತಾಯಂದಿರು ಉತ್ತರದ ಸಮೃದ್ಧಿಗೆ ಬೆನ್ನು ಹಾಕಿ ಹೊರಟೇಬಿಡುತ್ತವೆ!

ಗುಟ್ಟು ಬೂದಿಯಲ್ಲಿದೆ. ಬಯಲಿನ ಪೂರ್ವಕ್ಕೆ ಕೆರಿಮಾಸಿ, ಓಲ್ ಡೊಯಿನ್ಯೊ ಲೆಂಗಾಯ್ ಎಂಬ ಜ್ವಾಲಾಮುಖಿಗಳಿವೆ. ಲೆಂಗಾಯ್ ಇಂದಿಗೂ ಜೀವಂತ. ಅದು ಉಗುಳುವಂಥ ಸೋಡಿಯಂಭರಿತ ಲಾವಾವನ್ನು ಇಂದು ಭೂಮಿಯ ಮೇಲಿನ ಬೇರಾವ ಜ್ವಾಲಾಮುಖಿಯೂ ಉಗುಳುವುದಿಲ್ಲ. ಕಪ್ಪಗೆ ಹರಿದ ಅದು ತೇವ ತಗುಲುತ್ತಲೇ ಬೆಳ್ಳಗಾಗುತ್ತದೆ! ಈ ಬೆಟ್ಟಗಳ ಬೂದಿಯನ್ನು ಗಾಳಿ ಸಾವಿರಾರು ವರ್ಷ ಪಶ್ಚಿಮಕ್ಕೆ ಹೊತ್ತು ಸುರಿದಿದೆ. ನೆಲದಡಿ ಅದು ಗಟ್ಟಿ ಪದರವಾಗಿ ಹೆಪ್ಪುಗಟ್ಟಿ ಮರಗಳ ಬೇರಿಗೆ ದಾರಿ ಬಿಡದು. ಮೇಲೆ ಬೆಳೆಯುವುದು ಬರೀ ಹುಲ್ಲು. ಆದರೆ ಎಂಥ ಹುಲ್ಲು! ಪರಿಸರ ವಿಜ್ಞಾನಿ ಸ್ಯಾಮ್ ಮೆಕ್‌ನಾಟನ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಹಾಲೂಡುವ ತಾಯಿಗೂ ಬೆಳೆಯುವ ಕರುವಿಗೂ ಬೇಕಾದ ಕ್ಯಾಲ್ಸಿಯಂ, ರಂಜಕ ಈ ಮಳೆಗಾಲದ ಮೇವಿನಲ್ಲಿ ಹೇರಳ. ನಮ್ಮಲ್ಲಿ ಕರೆಯುವ ಹಸುವಿಗೆ ಹಿಂಡಿಯೊಂದಿಗೆ ಖನಿಜ ಮಿಶ್ರಣ ಕಲಸಿ ಇಡುತ್ತಾರಲ್ಲ, ಅದನ್ನು ಇಲ್ಲಿ ಬೆಟ್ಟವೇ ಇಟ್ಟಿದೆ!

ಫೆಬ್ರವರಿಯ ಆಸುಪಾಸು, ಎರಡು ಮೂರು ವಾರಗಳಲ್ಲೇ ಬಹುಪಾಲು ತಾಯಂದಿರು ಈಯುತ್ತವೆ. ಲೋಳೆ ಇನ್ನೂ ಆರದ ಕರು ನಡುಗುತ್ತ ಎದ್ದು, ಮುಗ್ಗರಿಸಿ, ಮತ್ತೆ ಎದ್ದು ಕೆಲವೇ ನಿಮಿಷಗಳಲ್ಲಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆಲ್ಲ ತಾಯಿಯ ಜೊತೆ ಓಟ. ಕತ್ತೆಕಿರುಬಗಳು ಹೊಂಚು ಹಾಕಿಯೇ ಇರುತ್ತವೆ. ಆದರೆ ಒಮ್ಮೆಗೇ ಹುಟ್ಟಿದ ಲಕ್ಷಾಂತರ ಕರುಗಳಲ್ಲಿ ಅವು ಎಷ್ಟನ್ನು ತಿಂದಾವು? ಮಂದೆಯೇ ರಕ್ಷೆ.

ಮೇ ಹೊತ್ತಿಗೆ ಬಯಲು ಒಣಗುತ್ತದೆ, ಮತ್ತೆ ಉತ್ತರದತ್ತ ಪಯಣ. ಮಾರಾ ದಾಟುವಾಗ ಮೊಸಳೆಗಿಂತ ನೂಕುನುಗ್ಗಲೇ ಹೆಚ್ಚು ಜೀವ ತೆಗೆಯುತ್ತದೆ. ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ಮುಳುಗುತ್ತವೆ ಎಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಮಾಂಸ ಮುಗಿದ ಮೇಲೂ ನದಿತಳದ ಎಲುಬುಗಳು ಸುಮಾರು ಏಳು ವರ್ಷ ನಿಧಾನವಾಗಿ ಕರಗುತ್ತ ರಂಜಕ ಬಿಡುತ್ತವೆ. ಆ ಎಲುಬುಗಳ ಮೇಲೆ ಕಟ್ಟಿದ ಪಾಚಿಯನ್ನು ಮಾರಾದ ಮೀನುಗಳು ಮೇಯುತ್ತವೆ!