ಹಿಂದಿನವರು ಬರಲಿ, ಇರಿ

ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿಯ ಸೈಕಲ್ ಸಂಘದವರು ಮೊದಲೇ ಹೇಳಿದ್ದರು. ಬರೆದರೆ ಭಾನುವಾರ ಬೆಂಗಳೂರಿನಿಂದ ಕಾರಿನ ತಲೆ ಮೇಲೆ ಸೈಕಲ್ ಕಟ್ಟಿಕೊಂಡು ಜನ ಬರುತ್ತಾರಂತೆ, ಹೋಟೆಲಿನಲ್ಲಿ ತಟ್ಟೆ ಇಡ್ಲಿ ಸಾಲದಾಗುತ್ತದಂತೆ. ಹೇಳಿದ್ದು ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಮಂಡ್ಯ ಜಿಲ್ಲೆ, ವಿ.ಸಿ. ನಾಲೆಯ ಬಯಲು, ಸುತ್ತ ಕಬ್ಬು ಮತ್ತು ಭತ್ತ, ಅಲ್ಲಲ್ಲಿ ಹಿಪ್ಪುನೇರಳೆ ತೋಟ. ಇಷ್ಟು ಹೇಳಿದರೆ ಸಾಕೆಂದುಕೊಳ್ಳುತ್ತೇನೆ.

ಡಿಸೆಂಬರಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಊರಿನ ಕೊನೆಯ ಮನೆ ದಾಟಿದ ಮೇಲೆ ಬಲಗಡೆ ಉದ್ದನೆಯ, ತಗ್ಗು ಮಾಡಿನ ಕಟ್ಟಡ. ನೋಡಿದ ಕೂಡಲೇ ಇದು ರೇಷ್ಮೆ ಹುಳು ಸಾಕುತ್ತಿದ್ದ ಮನೆ ಎಂದು ಗೊತ್ತಾಗುತ್ತದೆ. ಕಿಟಕಿಗಳಿಗೆ ಊಜಿ ನೊಣ ಬಾರದಂತೆ ಬಡಿದ ಬಲೆ ಹಾಗೇ ಇದೆ. ಹುಳು ಸಾಕುವುದನ್ನು ಬಿಟ್ಟ ಮೇಲೆ ಯಜಮಾನರು ಇದನ್ನು ಸೈಕಲ್ ಸಂಘಕ್ಕೆ ಕೊಟ್ಟಿದ್ದಾರೆ. ಬಾಡಿಗೆ ಇದೆಯೋ ಇಲ್ಲವೋ ಎಂದು ಕೇಳಿದಾಗ ಒಬ್ಬರು ಇದೆ ಎಂದರು, ಇನ್ನೊಬ್ಬರು ನಕ್ಕರು.

ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಗ್ರೀಸ್ ಮತ್ತು ರಬ್ಬರ್ ಸಲ್ಯೂಷನ್ ವಾಸನೆ. ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳಿವೆ. ಹುಳು ಗೂಡು ಕಟ್ಟುತ್ತಿದ್ದ ಸುರುಳಿಗಳಿಗೆ ಈಗ ಹಳೆಯ ಟ್ಯೂಬುಗಳನ್ನು ಸಿಕ್ಕಿಸಿದ್ದಾರೆ. ಹುಳು ತಟ್ಟೆ ಇಡುತ್ತಿದ್ದ ಸ್ಟ್ಯಾಂಡುಗಳಲ್ಲಿ ಹೆಲ್ಮೆಟ್, ನೀರಿನ ಬಾಟಲಿ, ಮಡಚಿದ ಮಳೆಯಂಗಿ. ಒಂದು ಮೂಲೆಯಲ್ಲಿ ಮೂಟೆ ಕಟ್ಟಿದ ಏನೋ ಇತ್ತು. ಬಿಡಿಭಾಗವಿರಬೇಕೆಂದುಕೊಂಡೆ, ರಾಗಿ ಎಂದರು.

ಸೈಕಲ್ಲುಗಳನ್ನು ಎಡಗೋಡೆಯ ಉದ್ದಕ್ಕೂ ನಿಲ್ಲಿಸಿದ್ದಾರೆ. ಬಾಗಿಲ ಹತ್ತಿರ ಕರಿ ಬಣ್ಣದ, ಕಂಬಿ ಬ್ರೇಕಿನ ದೊಡ್ಡ ಸೈಕಲ್ಲು. ಅದನ್ನು ಎತ್ತಿ ನೋಡಿದರೆ ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲ ಅನ್ನಿಸಿತು. ಅದರ ಯಜಮಾನರು ನಿವೃತ್ತ ಮೇಷ್ಟ್ರು. ಸೈಕಲ್ಲಿಗೂ ವರ್ಷಕ್ಕೊಮ್ಮೆ ಲೈಸೆನ್ಸ್ ಬಿಲ್ಲೆ ಕಟ್ಟಬೇಕಿದ್ದ, ರಾತ್ರಿ ಡೈನಮೋ ದೀಪ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದ ಕಾಲ ಅವರಿಗೆ ಚೆನ್ನಾಗಿ ನೆನಪಿದೆ. ಗಂಟೆ ಬಾಡಿಗೆಯ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರು. ಅದರಾಚೆ ಗೇರ್ ಸೈಕಲ್ಲುಗಳು. ತೀರಾ ಕೊನೆಯಲ್ಲಿ, ಮೇಲೆ ಹಳೇ ಪಂಚೆ ಹೊದಿಸಿಕೊಂಡು, ಕಾರ್ಬನ್ ಫ್ರೇಮಿನದು ಒಂದು. ಎರಡು ಬೆರಳಲ್ಲಿ ಎತ್ತಬಹುದು. ಬೆಲೆ ಕೇಳಿದೆ. ಮೆಡಿಕಲ್ ಸ್ಟೋರಿನ ಯಜಮಾನರು ಸುತ್ತ ನೋಡಿ, ಮನೆಯಲ್ಲಿ ಹೇಳಿರುವ ಬೆಲೆಯನ್ನೇ ನನಗೂ ಹೇಳಿದರು.

ನನ್ನ ಕಣ್ಣು ನಿಂತದ್ದು ನಡುವಿನ ಎರಡರ ಮೇಲೆ. ಅವು ಸರ್ಕಾರಿ ಸೈಕಲ್ಲುಗಳು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಉಚಿತವಾಗಿ ಕೊಡುತ್ತಿದ್ದರಲ್ಲ, ಅವು. ಒಂದಕ್ಕೆ ಮುಂದಿನ ಬುಟ್ಟಿ ಇನ್ನೂ ಇದೆ. ಪಡೆದ ಹುಡುಗಿ ಮದುವೆಯಾಗಿ ಹೋದ ಮೇಲೆ ಅವಳ ತಮ್ಮ ತುಳಿದ, ಈಗ ಅವನ ಚಿಕ್ಕಮ್ಮ ತುಳಿಯುತ್ತಿದ್ದಾರೆ. ಅಂಗನವಾಡಿ ಕಾರ್ಯಕರ್ತೆ. ಗೇರ್ ಇಲ್ಲದ ಈ ಸೈಕಲ್ಲಿನಲ್ಲಿ ಗುಂಪಿನ ಜೊತೆ ಹೇಗೆ ಹೋಗುತ್ತಾರೆ ಎಂಬ ನನ್ನ ಪ್ರಶ್ನೆಗೆ ಉತ್ತರ ಆಮೇಲೆ ರಸ್ತೆಯಲ್ಲಿ ಸಿಕ್ಕಿತು.

ರಿಪೇರಿ ಬೆಂಚು ಹಿಂಬದಿಯಲ್ಲಿದೆ. ಇದರ ಮೇಲ್ವಿಚಾರಣೆ ಊರಿನ ಸೈಕಲ್ ಶಾಪಿನವರದು. ಶಾಪಿನಲ್ಲಿ ದುಡ್ಡಿಗೆ ಮಾಡುವ ಕೆಲಸವನ್ನು ಇಲ್ಲಿ ಟೀಗೆ ಮಾಡುತ್ತಾರೆ. ಪಂಚರ್ ಹುಡುಕಲು ನೀರಿನ ಬಾಂಡಲಿ, ಉಜ್ಜಲು ಮರಳು ಕಾಗದ, ಕಡ್ಡಿ ಬಿಗಿಯುವ ಚಾವಿ, ಒಂದು ಡಬ್ಬಿಯ ತುಂಬಾ ಕಪ್ಪು ಗ್ರೀಸಿನಲ್ಲಿ ಮುಳುಗಿದ ಬಾಲ್ಸು. ಗೋಡೆಗೆ ಮೊಳೆ ಹೊಡೆದು ಮೂರು ಬಗೆಯ ಪಂಪ್ ಮೂತಿಗಳನ್ನು ನೇತುಹಾಕಿದ್ದಾರೆ. ಹಳೇ ಸೈಕಲ್ಲಿನದು ವಾಲ್ ಟ್ಯೂಬ್ ಹಾಕುವ ಮೂತಿ. ಗುಡ್ಡಗಾಡಿನ ದಪ್ಪ ಟೈರಿನದು ಮೋಟಾರ್ ಸೈಕಲ್ಲಿನಂಥದೇ. ರೇಸ್ ಸೈಕಲ್ಲಿನದು ಪ್ರೆಸ್ಟಾ, ಸಣ್ಣಗೆ ಉದ್ದಕ್ಕೆ, ತುದಿಯ ತಿರುಪು ಸಡಿಲಿಸದೆ ಗಾಳಿ ಒಳಗೆ ಹೋಗದು. ಮೂರೂ ಒಂದೇ ಗುಂಪಿನಲ್ಲಿ ಇರುವುದರಿಂದ ದಾರಿಯಲ್ಲಿ ಒಬ್ಬರ ಪಂಪು ಇನ್ನೊಬ್ಬರಿಗೆ ಆಗದೆ ಬಹಳ ಜಗಳವಾಗಿದೆಯಂತೆ. ಈಗ ಹೊರಡುವ ಮುಂಚೆ ಮೂತಿಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇಲ್ಲಿಯ ಪಂಚರುಗಳಲ್ಲಿ ಹೆಚ್ಚಿನವು ಜಾಲಿ ಮುಳ್ಳಿನವು. ಅದು ಟೈರಿಗೆ ಚುಚ್ಚಿದ್ದು ತಕ್ಷಣ ಗೊತ್ತಾಗುವುದಿಲ್ಲ, ಮನೆಗೆ ಬಂದು ಬೆಳಿಗ್ಗೆ ನೋಡಿದರೆ ಚಕ್ರ ಕೂತಿರುತ್ತದೆ.

ಎದುರು ಗೋಡೆಯಲ್ಲಿ ಕರಿಹಲಗೆ. ಶಾಲೆಯಿಂದ ಬಂದದ್ದಿರಬೇಕು. ಅದರಲ್ಲಿ ಆ ವಾರದ ದಾರಿ, ಹೊರಡುವ ಹೊತ್ತು, ಮುಂದೆ ಯಾರು, ಕಡೆಯಲ್ಲಿ ಯಾರು ಎಂದು ಬರೆದಿತ್ತು. ಪಕ್ಕದಲ್ಲಿ ಕೈಯಿಂದ ಬರೆದ ನಕ್ಷೆ. ಮೇಲುಕೋಟೆಗೆ ಕೆಂಪು ಶಾಯಿ, ಏರು ಇರುವುದರಿಂದ. ಕೊಕ್ಕರೆ ಬೆಳ್ಳೂರಿಗೆ ಹಸಿರು, ಅದರ ಕೆಳಗೆ ‘ಜನವರಿ ಕಳೆಯಲಿ’ ಎಂಬ ಟಿಪ್ಪಣಿ. ಊರೊಳಗಿನ ಹುಣಸೆ ಮರಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿರುವಾಗ ಹೋದರೆ ಚೆಂದ. ಮೈಸೂರು–ಬೆಂಗಳೂರು ಹೊಸ ಹೆದ್ದಾರಿಯನ್ನು ಮಾತ್ರ ಕರಿ ಗೆರೆಯಲ್ಲಿ ಹೊಡೆದು ಹಾಕಿದ್ದಾರೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆ, ಅಂಡರ್‌ಪಾಸ್ ಹುಡುಕಿಕೊಂಡು ದಾಟಬೇಕು. ಹಾಗಾಗಿ ಯಾವ ಅಂಡರ್‌ಪಾಸಿನಲ್ಲಿ ಮಳೆಗಾಲ ನೀರು ನಿಲ್ಲುತ್ತದೆ ಎಂಬುದೂ ನಕ್ಷೆಯಲ್ಲಿದೆ.

ಹಲಗೆಯ ಮೇಲ್ಗಡೆ ಮೊಳೆಗೆ ಕೆಲವು ಪದಕ. ಇವರಲ್ಲಿ ಮೂವರು ಬ್ರೆವೆ ಎಂಬ ದೂರದ ಸವಾರಿ ಮಾಡುವವರು. ಇದರಲ್ಲಿ ಸ್ಪರ್ಧೆ ಇಲ್ಲ, ಗಡುವು ಮಾತ್ರ ಇದೆ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಪದಕ ಒಂದೇ. ಎಲ್ಲಕ್ಕೂ ದೊಡ್ಡದು ಪ್ಯಾರಿಸ್ಸಿನಿಂದ ಬ್ರೆಸ್ಟಿಗೆ ಹೋಗಿ ಹಿಂತಿರುಗುವ 1200 ಕಿ.ಮೀ., 90 ಗಂಟೆ. 1891ರಲ್ಲಿ ರೇಸಾಗಿ ಶುರುವಾದ ಅದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಲೈನ್‌ಮನ್ ಒಬ್ಬರಿಗೆ ಅಲ್ಲಿಗೆ ಹೋಗುವ ಆಸೆ. ವಿಮಾನದ ಚಾರ್ಜೇ ಸೈಕಲ್ಲಿಗಿಂತ ಜಾಸ್ತಿ ಎಂದು ಮೇಷ್ಟ್ರು ಅವರನ್ನು ಛೇಡಿಸುತ್ತಾರೆ.

ಬೆಳಕು ಹರಿದ ಮೇಲೆಯೇ ಹೊರಟೆವು. ಇದು ಇಲ್ಲಿಯ ಕಟ್ಟುನಿಟ್ಟಿನ ನಿಯಮ, ಕಾರಣ ನಾಲೆ. ನಾಲೆ ಏರಿಯ ರಸ್ತೆ ಸೈಕಲ್ಲಿಗೆ ಹೇಳಿ ಮಾಡಿಸಿದಂತೆ ಸಮತಟ್ಟು, ಒಂದು ಪಕ್ಕ ಮರದ ನೆರಳು, ಇನ್ನೊಂದು ಪಕ್ಕ ತುಂಬಿ ಹರಿಯುವ ನೀರು. ಎಷ್ಟೋ ಕಡೆ ನಡುವೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನಲ್ಲಿ ಬಸ್ಸೊಂದು ಈ ನಾಲೆಗೇ ಉರುಳಿ, ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ಈ ಕಡೆಯವರು ಮರೆಯುವ ಸುದ್ದಿಯಲ್ಲ. ಏರಿಯ ಮೇಲೆ ಒಬ್ಬರ ಹಿಂದೆ ಒಬ್ಬರೇ ಹೋಗಬೇಕು, ನೀರಿನ ಕಡೆ ಯಾರೂ ಜೋಡಿ ಕಟ್ಟುವಂತಿಲ್ಲ. ಮುಂದಿನವರು ಗುಂಡಿ ಕಂಡರೆ ಕೈ ಕೆಳಗೆ ಮಾಡಿ ತೋರಿಸುತ್ತಾರೆ, ಅದು ಸಾಲಿನುದ್ದಕ್ಕೂ ಹಿಂದಕ್ಕೆ ದಾಟುತ್ತದೆ.

ಈಗ ಆ ಸರ್ಕಾರಿ ಸೈಕಲ್ಲಿನ ವಿಷಯ. ಅಂಗನವಾಡಿಯ ಅಕ್ಕನನ್ನು ಸಾಲಿನ ಎರಡನೇ ಜಾಗದಲ್ಲಿ ಹಾಕಿದ್ದರು, ಲೈನ್‌ಮನ್ನಿನ ಬೆನ್ನಿಗೆ. ಮುಂದಿರುವವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ತುಳಿತ ಹಗುರವಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ಉಳಿತಾಯ ಹೆಚ್ಚು. ಆದರೆ ನಾವು ಹೋಗುತ್ತಿದ್ದ ನಿಧಾನಕ್ಕೆ ಗಾಳಿಯಿಂದ ಎಷ್ಟು ಲಾಭವಾಯಿತೋ ನಾನು ಹೇಳಲಾರೆ. ಇನ್ನೊಂದು ಲಾಭವಂತೂ ಕಣ್ಣಿಗೆ ಕಾಣುತ್ತಿತ್ತು. ಅಕ್ಕ ಸಾಲಿನ ಮುಂಭಾಗದಲ್ಲಿರುವುದರಿಂದ ಇಡೀ ಗುಂಪಿನ ವೇಗ ಅವರದೇ ಆಗಿತ್ತು. ಕಾರ್ಬನ್ ಸೈಕಲ್ಲಿನ ಮೆಡಿಕಲ್ ಸ್ಟೋರಿನವರು ನನ್ನ ಮುಂದೆ ಬ್ರೇಕ್ ಹಿಡಿಹಿಡಿದು ಹೋಗುತ್ತಿದ್ದರು. ಪ್ರತಿ ಸೇತುವೆಗೆ ‘ಹಿಂದಿನವರು ಬರಲಿ, ಇರಿ’ ಎಂದು ಯಾರಾದರೂ ಕೂಗುತ್ತಿದ್ದರು, ಎಲ್ಲರೂ ಒಂದು ಕಾಲು ಊರಿ ನಿಲ್ಲುತ್ತಿದ್ದರು. ನಾನು ಕಂಡ ನಗರದ ದೊಡ್ಡ ಸೈಕಲ್ ಗುಂಪುಗಳಲ್ಲಿ ಹೀಗೆ ನಿಲ್ಲುವುದು ಅಪರೂಪ.

ಏರಿ ಇಳಿದು ಹಳ್ಳಿ ರಸ್ತೆಗೆ ಸೇರಿದರೆ ಟಾರಿನ ಮೇಲೆಲ್ಲ ಹುರುಳಿ. ಈ ಕಾಲದಲ್ಲಿ ಒಕ್ಕಣೆ ಕಣಕ್ಕಿಂತ ರಸ್ತೆಯಲ್ಲೇ ಹೆಚ್ಚು, ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕು. ಕಾರಿಗೆ ಪರವಾಗಿಲ್ಲ. ಸೈಕಲ್ಲಿಗೆ ಹುರುಳಿ ಬಳ್ಳಿ ಗೇರಿನ ಹಲ್ಲಿಗೆ, ಚೈನಿಗೆ ಸುತ್ತಿಕೊಂಡರೆ ಕತ್ತರಿ ಬೇಕಾಗುತ್ತದೆ. ಗೇರ್ ಸೈಕಲ್ಲಿನವರೆಲ್ಲ ಇಳಿದು ತಳ್ಳಿದೆವು. ಗೇರ್ ಇಲ್ಲದ ಮೇಷ್ಟ್ರ ಸೈಕಲ್ಲಿಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಅವರು ತುಳಿದುಕೊಂಡೇ ಹೋದರು. ಕಾಳು ಗುಡಿಸುತ್ತಿದ್ದ ಅಜ್ಜಿ ನಮ್ಮ ಬಿಗಿ ಚಡ್ಡಿಗಳನ್ನು ನೋಡಿ, ‘ಮನೇಲಿ ಬೈಕಿಲ್ವಾ ನಿಮ್ಗೆ?’ ಎಂದು ಕೇಳಿದರು. ಇದೆ ಅಜ್ಜಿ ಎಂದರೆ, ‘ಮತ್ಯಾಕ್ ಇಂಗ್ ತುಳೀತೀರಿ?’

ಆ ಪ್ರಶ್ನೆ ಬೇರೆ ರೀತಿಯಲ್ಲಿ ಮತ್ತೆ ಎದುರಾಯಿತು. ಮುಂದಿನ ತಿರುವಿನಲ್ಲಿ ಒಬ್ಬರು ಹಿಂದಿನಿಂದ ಬಂದು ನಮ್ಮನ್ನೆಲ್ಲ ದಾಟಿ ಹೋದರು. ಕ್ಯಾರಿಯರಿನ ಎರಡೂ ಪಕ್ಕ ಹಾಲಿನ ಕ್ಯಾನು, ಕಾಲಿಗೆ ಹವಾಯಿ ಚಪ್ಪಲಿ, ಡೇರಿ ಮುಚ್ಚುವುದರೊಳಗೆ ಮುಟ್ಟುವ ಆತುರ. ದಿನಾ ಎರಡು ಹೊತ್ತು ಇದೇ ದಾರಿಯಂತೆ. ಇಲ್ಲಿರುವ ಎಲ್ಲರಿಗಿಂತ ಹೆಚ್ಚು ಸೈಕಲ್ ತುಳಿಯುವವರು ಅವರೇ ಇರಬಹುದು. ಸಂಘದಲ್ಲಿ ಅವರಿಲ್ಲ. ಕರೆದಿದ್ದೀರಾ ಎಂದು ಕೇಳಿದೆ. ಕರೆದಿದ್ದರಂತೆ. ‘ಭಾನುವಾರ ಒಂದಿನಾದ್ರೂ ಸೈಕಲ್ ಬಿಟ್ಟಿರ್ತೀನಿ ಸಾ, ಬಿಡಿ’ ಅಂದರಂತೆ. ಆದರೆ ಭಾನುವಾರವೂ ಹಸು ಹಾಲು ಕೊಡುತ್ತದೆ, ಅದನ್ನು ನಾನು ಕಣ್ಣಾರೆ ನೋಡಿದೆನಲ್ಲ.

ಆಲೆಮನೆಯಲ್ಲಿ ಸ್ವಲ್ಪ ಹೊತ್ತು. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದರು. ಲೋಟದಲ್ಲಿ ಕಬ್ಬಿನ ಹಾಲು ಕೊಟ್ಟರು, ಒಂದೊಂದು ತುಂಡು ಬಿಸಿ ಬೆಲ್ಲ ಕೊಟ್ಟರು, ದುಡ್ಡು ಬೇಡವೆಂದರು. ಬ್ರೆವೆಯವರು ಬೆಲ್ಲದ ಚೂರುಗಳನ್ನು ಕಾಗದದಲ್ಲಿ ಸುತ್ತಿ ಬೆನ್ನ ಜೇಬಿಗೆ ಹಾಕಿಕೊಂಡರು. ಅಂಗಡಿಯಲ್ಲಿ ಸಿಗುವ ವಿದೇಶಿ ಜೆಲ್ ಪೊಟ್ಟಣಗಳನ್ನು ಕೊಳ್ಳುವುದನ್ನು ಅವರು ಬಿಟ್ಟಿದ್ದಾರೆ. ಬೆಲೆಯ ಕಾರಣಕ್ಕೋ ರುಚಿಯ ಕಾರಣಕ್ಕೋ, ಅವರಲ್ಲೇ ಒಮ್ಮತವಿಲ್ಲ.

ಹೋಟೆಲು ತಲುಪಿದಾಗ ಬಿಸಿಲು ಏರಿತ್ತು. ಶೀಟು ಹೊದಿಸಿದ ಮುಂಭಾಗ, ಎರಡು ಮೇಜು, ತಟ್ಟೆ ಇಡ್ಲಿ, ಕೆಂಪು ಚಟ್ನಿ. ಸವಾರಿಯೇ ಈ ಹೋಟೆಲಿಗಾಗಿ ಎಂದು ಯಾರಾದರೂ ಅಂದರೆ ನಾನು ಒಪ್ಪುತ್ತೇನೆ. ಲೆಕ್ಕದ ಪುಸ್ತಕ ಹೊರಬಂತು. ತಿಂಗಳ ಚಂದಾ ಕಟ್ಟದವರ ಹೆಸರು ಓದಿದರು, ಟೈರ್ ಬಾಕಿ, ಟೀ ಬಾಕಿ. ಹೊಸದಾಗಿ ಸೇರುವ ಕಾಲೇಜು ಹುಡುಗನಿಗೆ ಹಳೇ ಹೆಲ್ಮೆಟ್ ಕೊಡಬೇಕೋ ಹೊಸದು ಕೊಡಿಸಬೇಕೋ ಎಂಬ ಚರ್ಚೆ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಉಪಯೋಗಕ್ಕಿಲ್ಲ ಎಂದು ಶಾಪಿನವರು ಪಟ್ಟು ಹಿಡಿದರು, ಹೊಸದೇ ಎಂದಾಯಿತು. ಲೈನ್‌ಮನ್ ಯಾರದೋ ಮನೆಯ ಮೀಟರ್ ದೂರನ್ನೂ ಅಲ್ಲೇ ಬರೆದುಕೊಂಡರು. ಒಬ್ಬರ ಮಗಳಿಗೆ ಹಾಸ್ಟೆಲ್ ಸೀಟಿನ ಅರ್ಜಿ, ಇನ್ನೊಬ್ಬರ ಬೋರ್‌ವೆಲ್ ಮೋಟಾರು. ಊರಿನ ಅರಳಿಕಟ್ಟೆಯ ಪಂಚಾಯಿತಿಗೆ ಎರಡು ಚಕ್ರ ಬಂದ ಹಾಗಿತ್ತು.

ಈ ಮಾತುಕತೆಯ ನಡುವೆ ಅಂಗನವಾಡಿಯ ಅಕ್ಕನೂ, ಗುಂಪಿನ ಇನ್ನೊಬ್ಬ ಮಹಿಳೆ ಹೈಸ್ಕೂಲ್ ಟೀಚರೂ ಇಡ್ಲಿ ಮುಗಿಸಿ ಎದ್ದರು. ಎಂಟೂವರೆಗೆ ಮನೆಯಲ್ಲಿರಬೇಕು, ತಿಂಡಿ ಆಗಬೇಕು ಎಂದರು. ಇಬ್ಬರೇ ಹೊರಟರು. ಅವರು ಹೋಗಿ ಎರಡನೇ ಸುತ್ತು ಟೀ ಬಂದ ಮೇಲೆ ಮುಂದಿನ ವಾರದ ದಾರಿಯ ಮಾತು ಶುರುವಾಯಿತು. ಐದು ನಿಮಿಷದಲ್ಲಿ ಮೇಲುಕೋಟೆ ಎಂದು ತೀರ್ಮಾನವಾಯಿತು. ಹಿಂತಿರುಗುವುದು ಹನ್ನೊಂದಾಗುತ್ತದೆ. ಆ ಇಬ್ಬರಿಗೆ ಆಗುತ್ತದೆಯೇ ಎಂದು ಕೇಳಿದೆ. ‘ಗ್ರೂಪಲ್ಲಿ ಮೆಸೇಜ್ ಹಾಕ್ತೀವಿ’ ಎಂದರು. ಯಾರದೂ ಕೆಟ್ಟ ಮನಸ್ಸಲ್ಲ, ಅದು ನನಗೆ ಸ್ಪಷ್ಟವಾಗಿ ಕಂಡಿತು. ಸೇತುವೆಗೊಮ್ಮೆ ಕಾಲೂರಿ ನಿಲ್ಲುವವರಿಗೆ ಮೇಜಿನ ಮುಂದೆ ಆ ನೆನಪು ಬರುವುದಿಲ್ಲ, ಅಷ್ಟೇ. ಆಮೇಲೆ ಟೀಚರನ್ನು ಕೇಳಿದಾಗ ಅವರು, ತಾನು ಸೇರಿದ ಮೇಲೆ ಮೇಲುಕೋಟೆ ಏರಿಲ್ಲ ಎಂದಷ್ಟೇ ಹೇಳಿದರು.

ವಾಪಸು ಬರುವ ದಾರಿಯಲ್ಲಿ ಹೇಳುವಂಥದೇನಿಲ್ಲ, ಕಬ್ಬು ತುಂಬಿದ ಜೋಡಿ ಟ್ರೇಲರ್ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟು ನಿಂತದ್ದೇ ಹೆಚ್ಚು. ಹುಳು ಮನೆಗೆ ಬಂದು ಚೈನ್ ಒರೆಸಿ ಎಣ್ಣೆ ಬಿಟ್ಟರು. ಮೇಷ್ಟ್ರು ಕರಿಹಲಗೆ ಒರೆಸಿ ‘ಮೇಲುಕೋಟೆ’ ಎಂದು ದುಂಡಗೆ ಬರೆದರು.

ಸೇರಲು ಗೇರ್ ಸೈಕಲ್ ಬೇಕಿಲ್ಲ, ಎರಡೂ ಬ್ರೇಕ್ ಹಿಡಿಯಬೇಕು, ತಲೆಗೆ ಹೆಲ್ಮೆಟ್ ಇರಬೇಕು, ನಿಮ್ಮ ಟೈರಿನ ಅಳತೆಯ ಟ್ಯೂಬ್ ಒಂದು ಜೊತೆಗಿರಬೇಕು. ನಿಮ್ಮ ಊರಿನಲ್ಲಿ ಇಂಥ ಗುಂಪು ಕಟ್ಟುವ ಮನಸ್ಸಿದ್ದರೆ ಹುಳು ಮನೆಯಂಥ ಒಂದು ಖಾಲಿ ಜಾಗ, ಸೈಕಲ್ ಶಾಪಿನವರ ಸ್ನೇಹ ಮೊದಲು ಸಂಪಾದಿಸಿ. ಇನ್ನು ಆ ಸಂಘದವರಿಗೆ ನನ್ನದೊಂದು ಕೋರಿಕೆ: ಮುಂದಿನ ವಾರದ ದಾರಿಯನ್ನು ಇಡ್ಲಿ ಬರುವ ಮುಂಚೆಯೇ ತೀರ್ಮಾನಿಸಿ.