ಜೇಮ್ಸ್ ಕಸಿನ್ಸ್: ಐರಿಷ್ ಕವಿಯ ಕನ್ನಡ ಸಂಬಂಧ

ಜೇಮ್ಸ್ ಹೆನ್ರಿ ಕಸಿನ್ಸ್ 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಜನಿಸಿದರು. ಯೇಟ್ಸ್, ಜಾರ್ಜ್ ರಸೆಲ್ ಮೊದಲಾದವರು ಮುನ್ನಡೆಸಿದ ಐರಿಷ್ ಸಾಹಿತ್ಯ ಪುನರುಜ್ಜೀವನದಲ್ಲಿ ಕವಿಯಾಗಿ ರೂಪುಗೊಂಡ ಇವರ 'ದಿ ರೇಸಿಂಗ್ ಲಗ್' ನಾಟಕವು 1902ರಲ್ಲಿ ಡಬ್ಲಿನ್ನಿನಲ್ಲಿ ರಂಗವನ್ನೇರಿತು. 1915ರಲ್ಲಿ ಆನಿ ಬೆಸೆಂಟರ ಆಹ್ವಾನದಂತೆ ಭಾರತಕ್ಕೆ ಬಂದು, ಮದನಪಲ್ಲಿಯ ಥಿಯಾಸಾಫಿಕಲ್ ಕಾಲೇಜಿನ ಪ್ರಾಂಶುಪಾಲರಾದರು.

1924ರಲ್ಲಿ ಮೈಸೂರಿಗೆ ಬಂದ ಕಸಿನ್ಸರಿಗೆ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ಮಾತೃಭಾಷೆಯಲ್ಲಿ ಬರೆಯಬೇಕೆಂಬ ಸಲಹೆ ದೊರೆಯಿತು. ಕನ್ನಡದ ಸಾಮರ್ಥ್ಯವನ್ನು ಕುರಿತ ಸಂದೇಹಕ್ಕೆ, ಭಾಷೆಯನ್ನು ಸಮರ್ಥಗೊಳಿಸುವವನು ಕವಿಯೇ ಎಂಬ ಸಮಾಧಾನವೂ ದೊರೆಯಿತು.

ಈ ಸಲಹೆ ಕನ್ನಡ ಕಾವ್ಯದ ಪರಿಚಯದಿಂದ ಹುಟ್ಟಿದ್ದಲ್ಲ. ಬಹುಪಾಲು ಜನರ ನಾಲಗೆಯಿಂದ ನಾಡನುಡಿ ಜಾರಿಹೋಗಿದ್ದ ದೇಶದಿಂದ ಬಂದ, ಸ್ವತಃ ಇಂಗ್ಲಿಷಿನಲ್ಲೇ ಬರೆದ ಕವಿಯೊಬ್ಬರ ಮಾತು ಅದು. ಅದರ ತೂಕವೂ ಅಲ್ಲಿಯೇ ಇದೆ. ಆದರೆ ಕುವೆಂಪು ಅವರ ಕನ್ನಡ ಕಾವ್ಯವನ್ನು ಆ ಒಂದು ಭೇಟಿಯ ಫಲವೆಂದಷ್ಟೇ ಎಣಿಸುವುದು ಸರಿಯಲ್ಲ. 1915ರಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿತ್ತು, ಬಿ.ಎಂ.ಶ್ರೀ. ಹೊಸ ಛಂದೋಮಾರ್ಗವನ್ನು ತೆರೆಯುತ್ತಿದ್ದರು. ನೆಲ ಹದವಾಗಿದ್ದುದರಿಂದಲೇ ಬೀಜ ಮೊಳೆಯಿತು.

'ಶ್ರೀ ರಾಮಾಯಣ ದರ್ಶನಂ' 1955ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆಯಿತು. ಮರುವರ್ಷ ಕಸಿನ್ಸ್ ಮದನಪಲ್ಲಿಯಲ್ಲಿ ನಿಧನರಾದರು.